ಗಿಳಿಮೀನಿನ ನೆಲೆ ಮತ್ತು ಆಹಾರಕ್ರಮ

ಮಾಲ್ಡೀವ್ಸ್ ದ್ವೀಪಸ್ತೋಮದ ಹವಳದ ದಿಬ್ಬಗಳಲ್ಲಿ, ಬೆಳಕು ತಳವನ್ನು ಮುಟ್ಟುವ ತಿಳಿನೀರಿನಲ್ಲಿ, ಗಿಳಿಮೀನುಗಳು ಹಗಲೆಲ್ಲ ಮೇಯುತ್ತಿರುತ್ತವೆ. ಹಲ್ಲುಗಳು ಒಂದಕ್ಕೊಂದು ಬೆಸೆದು ಕೊಕ್ಕಿನಂತಾಗಿರುವುದರಿಂದ ಈ ಹೆಸರು ಒಪ್ಪುವಂಥದೇ. ಇವು ಹವಳವನ್ನು ತಿಂದು ಬದುಕುತ್ತವೆಂದು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ಹೆಚ್ಚಿನ ಜಾತಿಗಳು ಅರಸುವುದು ಸತ್ತ ಹವಳದ ಸುಣ್ಣಗಲ್ಲಿನ ಮೇಲೂ ಒಳಗೂ ಬೆಳೆಯುವ ಪಾಚಿಯನ್ನು, ಸೂಕ್ಷ್ಮಜೀವಿಗಳನ್ನು. ಅದರೊಡನೆ ಬಾಯಿಗೆ ಬಂದ ಕಲ್ಲನ್ನು ಗಂಟಲಿನ ಹಲ್ಲುಗಳು ಬೀಸುವ ಕಲ್ಲಿನಂತೆ ಅರೆಯುತ್ತವೆ. ಜಠರವೇ ಇಲ್ಲದ ಈ ಮೀನಿನ ಕರುಳನ್ನು ದಾಟಿ ಆ ಪುಡಿಯು ಬಿಳಿಯ ಮರಳಾಗಿ ಹೊರಬೀಳುತ್ತದೆ. ವಕ್ಕರು ದ್ವೀಪದ ಹೊರದಿಬ್ಬದಲ್ಲಿ ಹೊಸದಾಗಿ ಉಂಟಾಗುವ ಮರಳಿನ ಶೇಕಡಾ 85ಕ್ಕೂ ಹೆಚ್ಚು ಪಾಲು ಗಿಳಿಮೀನುಗಳದೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರುಗಳಷ್ಟೇ ಎತ್ತರವಿರುವ ಇಂಥ ದ್ವೀಪಗಳಲ್ಲಿ ಗಿಳಿಮೀನು ಕ್ಷೀಣಿಸಿದರೆ, ನೆಲಕ್ಕೆ ಒದಗುವ ಮರಳೂ ಕುಗ್ಗುತ್ತದೆ.