ಪಿಯಾನೊ ಬಿಟ್ಟ ದೊರೆ, ಕೃತಿ ಕಟ್ಟಿದ ದೊರೆ

ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲಿ ಎಚ್‌ಎಎಲ್ ಕಾಂಪೌಂಡು ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ, ಟ್ರಾಫಿಕ್ ಇದ್ದರಂತೂ ಕೇಳಲೇಬೇಡಿ. ವಾಲ್‌ಚಂದ್ ಹೀರಾಚಂದರ ಜೊತೆ ಮೈಸೂರು ಸರ್ಕಾರ ಕೈಜೋಡಿಸಿ ಆ ಕಾರ್ಖಾನೆ ಶುರುವಾದದ್ದು 1940ರ ಡಿಸೆಂಬರಿನಲ್ಲಿ. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಜಯಚಾಮರಾಜ ಒಡೆಯರಿಗೆ 21 ವರ್ಷ. ಅವರಿಗೆ ದೊರೆಯಾಗುವ ಅವಸರವೇನೂ ಇರಲಿಲ್ಲ. ಆಸೆ ಇದ್ದದ್ದು ಪಿಯಾನೊ ಕಛೇರಿ ಕೊಡುವ ಕಡೆಗೆ.

ಅದು ಅರಮನೆ ಹುಡುಗನ ಶೋಕಿಯಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪರೀಕ್ಷೆ ಪಾಸು ಮಾಡಿದವರು ಅವರು. ಆದರೆ ಆ ವರ್ಷದ ಮಾರ್ಚಿನಲ್ಲಿ ತಂದೆ ಯುವರಾಜ ನರಸಿಂಹರಾಜ ಒಡೆಯರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಪಿಯಾನೊ ವೇದಿಕೆಯ ಮಾತು ಅಲ್ಲಿಗೆ ಮುಗಿಯಿತು.

ಮುಂದೆ ಅವರನ್ನು ವಾಗ್ಗೇಯಕಾರರಾಗಿ ತಿದ್ದಿದವರು ಮೈಸೂರು ವಾಸುದೇವಾಚಾರ್ಯರು. ಹುಟ್ಟಿದ್ದು 1865ರಲ್ಲಿ, ಎಂದರೆ ಶಿಷ್ಯ ಕೃತಿರಚನೆಗೆ ಕೈಹಾಕುವ ಹೊತ್ತಿಗೆ ಗುರುವಿಗೆ 80ರ ಆಸುಪಾಸು. ಇದೇ ಆಚಾರ್ಯರನ್ನು ಹಿಂದೆ ತಿರುವೈಯಾರಿಗೆ, ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿಯಲು ಅರಮನೆಯ ಖರ್ಚಿನಲ್ಲಿ ಕಳಿಸಿದ್ದವರು ಹತ್ತನೇ ಚಾಮರಾಜ ಒಡೆಯರು, ಅಂದರೆ ಜಯಚಾಮರಾಜರ ತಾತ. ತಾತ ಕಟ್ಟಿದ ಫೀಸಿನ ಫಲ ಮೊಮ್ಮಗನಿಗೆ ಸಿಕ್ಕಿತು!

ಶ್ರೀವಿದ್ಯಾ ಉಪಾಸನೆ ಅವರ ಇನ್ನೊಂದು ಪ್ರೇರಣೆ. ಅಂಕಿತವೂ ‘ಶ್ರೀವಿದ್ಯಾ’ ಎಂದೇ. ಸಂಸ್ಕೃತ ಸಾಹಿತ್ಯ, ದೇವಿಯ ಉಪಾಸನೆ ಎರಡೂ ಕೂಡಿದಾಗ ಮುತ್ತುಸ್ವಾಮಿ ದೀಕ್ಷಿತರ ನೆರಳು ಬೀಳದೆ ಇರುತ್ತದೆಯೇ? ಆದರೆ ರಾಗದ ಆಯ್ಕೆ ಪೂರ್ತಿ ಅವರದೇ: 94 ಕೃತಿ, ಒಂದೊಂದಕ್ಕೂ ಬೇರೆ ರಾಗ. ದುರ್ವಾಂಕಿ, ಭೂಪಾಲಪಂಚಮದಂಥ ಅಪರೂಪದವೂ ಅದರಲ್ಲಿವೆ.

ಪಿಯಾನೊ ಏನಾಯಿತು? ಅದರ ಋಣವನ್ನು ಲಂಡನ್ನಿನಲ್ಲಿ ತೀರಿಸಿದರು. ರಷ್ಯಾದ ನಿಕೊಲಾಯ್ ಮೆಟ್‌ನರ್ ಅಲ್ಲಿ ಬಡತನದಲ್ಲಿದ್ದಾಗ ಅವರ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್‌ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. 1950ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಆಲ್ಬರ್ಟ್ ಹಾಲಿನಲ್ಲಿ ನಡೆದದ್ದೂ ಇವರ ಬೆಂಬಲದಿಂದಲೇ.

ಇಷ್ಟಿದ್ದೂ ಅವರ ಕೃತಿಗಳಲ್ಲಿ ಪಶ್ಚಿಮದ ಒಗ್ಗರಣೆ ಇಲ್ಲ. ಎರಡನ್ನೂ ಬಲ್ಲವರು ಬೆರೆಸದೆ ಬಿಟ್ಟದ್ದು ಅಂಜಿಕೆಯಿಂದಲ್ಲ, ಔಚಿತ್ಯದಿಂದ ಎಂದೇ ನನಗೆ ತೋರುತ್ತದೆ. ಅಠಾಣದ ಗಣಪತಿ ಕೃತಿ ಕಛೇರಿಗಳಲ್ಲಿ ಚೆನ್ನಾಗಿ ಓಡುತ್ತದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಗಾಯಕರು ಇನ್ನೂ ಕೈಹಾಕಬೇಕಿದೆ.