ತಪ್ಪು ಉತ್ತರಗಳನ್ನು ಅಳಿಸುವ ಯಂತ್ರ

“ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಂದೇ ಸಲಕ್ಕೆ ನೋಡಿಬಿಡುತ್ತಂತೆ, ಅದಕ್ಕೇ ಅಷ್ಟು ವೇಗವಂತೆ. ಹೌದಾ ಸಾರ್?” ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಿಂದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪಿಎಐ ಕಂಪನಿ 25 ಕ್ಯೂಬಿಟ್‌ಗಳ (ಅಂದರೆ ಕ್ವಾಂಟಮ್ ಬಿಟ್‌ಗಳ) ‘ಇಂಡಸ್’ ಯಂತ್ರವನ್ನು ಪ್ರಕಟಿಸಿದ ಸುದ್ದಿಯನ್ನು ಅವಳು ಓದಿದ್ದಾಳೆ. ಅವಳು ಕೇಳಿಸಿಕೊಂಡ ಮಾತು ಅರ್ಧ ನಿಜ. ಸೊಗಸೆಲ್ಲ ಉಳಿದರ್ಧದಲ್ಲಿದೆ.

25 ಕ್ಯೂಬಿಟ್‌ಗಳ ಸ್ಥಿತಿಯನ್ನು ಪೂರ್ತಿ ಬರೆದಿಡಲು 3,35,54,432 ಸಂಖ್ಯೆಗಳು ಬೇಕು. ಅಷ್ಟನ್ನು ಸಾಧಾರಣ ಲ್ಯಾಪ್‌ಟಾಪ್ ಕೂಡ ನೆನಪಿಟ್ಟುಕೊಳ್ಳುತ್ತದೆ. 50 ದಾಟಿದ ಮೇಲೆ ಸೂಪರ್‌ಕಂಪ್ಯೂಟರಿಗೂ ಏದುಸಿರು. ಆದರೆ ತೊಡಕು ಬೇರೆಡೆ ಇದೆ. ಅಳೆಯಲು ಹೋದೊಡನೆ ಆ ಮೂರು ಕೋಟಿ ಚಿಲ್ಲರೆ ಸಾಧ್ಯತೆಗಳಲ್ಲಿ ಕೈಗೆ ಸಿಗುವುದು ಒಂದೇ ಒಂದು, ಅದೂ ಯಾವುದೋ ಒಂದು. ಹಾಗಾದರೆ ಎಲ್ಲವನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡು ಬಂದ ಲಾಭವೇನು?

ತುಂಬಿದ ಕೆರೆಗೆ ಎರಡು ಕಲ್ಲು ಎಸೆದು ನೋಡಿ. ಉಬ್ಬಿಗೆ ಉಬ್ಬು ಸೇರಿದಲ್ಲಿ ನೀರು ಇನ್ನೂ ಮೇಲೇಳುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ಸಪಾಟಾಗುತ್ತದೆ. ಇದೇ ವ್ಯತಿಕರಣ. ಕ್ಯೂಬಿಟ್‌ಗಳಲ್ಲಿ ಪ್ರತಿಯೊಂದು ಉತ್ತರಕ್ಕೂ ಇಂಥದೊಂದು ಅಲೆಯಿದೆ. ಅದರ ಎತ್ತರದ ವರ್ಗವೇ ಆ ಉತ್ತರ ಸಿಗುವ ಸಂಭವನೀಯತೆ. ಸಂಭವನೀಯತೆ ಎಂದೂ ಋಣವಾಗದು, ಎತ್ತರ ಆಗಬಲ್ಲದು. ಋಣ ಇದ್ದುದರಿಂದಲೇ ತಪ್ಪು ಉತ್ತರಗಳು ಒಂದನ್ನೊಂದು ಅಳಿಸಿಹಾಕಬಲ್ಲವು.

ಐಐಟಿ ದೆಹಲಿಯಲ್ಲಿ ಓದಿದ ಲವ್ ಗ್ರೋವರ್ 1996ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಇದನ್ನು ಹುಡುಕಾಟಕ್ಕೆ ಹೂಡಿದರು. ನಾಲ್ಕು ಹೆಸರುಗಳಲ್ಲಿ ನಮಗೆ ಬೇಕಾದುದು ಒಂದು ಎನ್ನೋಣ. ಮೊದಲು ನಾಲ್ಕರ ಎತ್ತರವೂ ಅರ್ಧ. ಯಂತ್ರವನ್ನು ಒಮ್ಮೆ ಪ್ರಶ್ನಿಸಿ, ಸರಿಯಾದುದರ ಚಿಹ್ನೆಯನ್ನಷ್ಟೇ ತಿರುಗಿಸುತ್ತೇವೆ: ಅದು ಈಗ ಋಣ ಅರ್ಧ. ನಾಲ್ಕರ ಸರಾಸರಿ ಕಾಲು. ಬಳಿಕ ಪ್ರತಿಯೊಂದನ್ನೂ ಆ ಸರಾಸರಿಯ ಆಚೆ ಬದಿಗೆ ಅಷ್ಟೇ ದೂರಕ್ಕೆ ಮಗುಚಬೇಕು. ಅರ್ಧ ಇದ್ದ ಮೂರೂ ಸೊನ್ನೆಯಾಗುತ್ತವೆ. ಋಣ ಅರ್ಧ ಇದ್ದುದು ಒಂದಾಗುತ್ತದೆ. ಒಂದೇ ಪ್ರಶ್ನೆಗೆ ಖಚಿತ ಉತ್ತರ! ಕಾಗದದ ಮೇಲೆ ನೀವೇ ಮಾಡಿ ನೋಡಿ, ಹೈಸ್ಕೂಲಿನ ಲೆಕ್ಕ ಸಾಕು.

ಯಾವ ಕ್ರಮವೂ ಇಲ್ಲದ 10 ಲಕ್ಷ ಹೆಸರುಗಳಾದರೆ ನಮ್ಮ ಕಂಪ್ಯೂಟರು ಸರಾಸರಿ 5 ಲಕ್ಷ ಸಲ ನೋಡಬೇಕು. ಗ್ರೋವರ್ ದಾರಿಯಲ್ಲಿ ಸುಮಾರು 785 ಸಲ ಸಾಕು. ಇಲ್ಲಿ ಒಂದೇ ಸಲಕ್ಕೆ ಮುಗಿಯಲಿಲ್ಲ ಎಂಬುದನ್ನು ಗಮನಿಸಿ. ಬೆನೆಟ್, ಬರ್ನ್‌ಸ್ಟೈನ್, ಬ್ರಾಸಾರ್ಡ್ ಮತ್ತು ಉಮೇಶ್ ವಜೀರಾನಿ ಇದಕ್ಕಿಂತ ಹೆಚ್ಚಿನ ಲಾಭ ಇಂಥ ಹುಡುಕಾಟದಲ್ಲಿ ಸಾಧ್ಯವೇ ಇಲ್ಲವೆಂದು ಸಾಧಿಸಿ ತೋರಿಸಿದ್ದಾರೆ. ಲಾಭ ಇನ್ನೂ ಹಿಗ್ಗಬೇಕಾದರೆ ಲೆಕ್ಕದೊಳಗೇ ಏನಾದರೊಂದು ಲಯ ಅಡಗಿರಬೇಕು. 1994ರಲ್ಲಿ ಪೀಟರ್ ಶೋರ್ ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ಲೆಕ್ಕದಲ್ಲಿ ಅಂಥ ಲಯವನ್ನು ಕಂಡರು. ಅಪವರ್ತಿಸುವ ಕಷ್ಟವನ್ನೇ ನೆಚ್ಚಿಕೊಂಡ ಬ್ಯಾಂಕುಗಳ ಗುಪ್ತಲಿಪಿಗೆ ಭಯ ಹುಟ್ಟಿದ್ದು ಅಲ್ಲಿಂದ. ಸಂಬಳದ ಪಟ್ಟಿಗೋ ಪಹಣಿ ಮುದ್ರಣಕ್ಕೋ ಈ ಯಂತ್ರದಿಂದ ವೇಗ ಬರುವುದಿಲ್ಲ. ಎಲ್ಲವೂ ಕೋಟಿ ಪಟ್ಟು ಚುರುಕಾಗುತ್ತದೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ.

ಗ್ರೋವರ್ ಲೆಕ್ಕದ ಇನ್ನೊಂದು ಎಳೆ ನನ್ನನ್ನು ಬಹಳ ಸೆಳೆದಿದೆ. ಖಚಿತ ಉತ್ತರ ಸಿಗುವಂತೆ ಹುಡುಕಬಹುದಾದದ್ದು ಒಂದು ಪ್ರಶ್ನೆಗೆ 4 ವಸ್ತುಗಳಲ್ಲಿ; ಮೂರು ಪ್ರಶ್ನೆಗಳಿಗೆ, ಸೂತ್ರದ ಪ್ರಕಾರ, ಸುಮಾರು 20.2ರಲ್ಲಿ. ಡಿಎನ್‌ಎ ಅಕ್ಷರಗಳು 4, ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳು 20, ಪ್ರತಿಯೊಂದರ ಸಂಕೇತವೂ ಮೂರಕ್ಷರದ್ದು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಈ ಹೊಂದಿಕೆಯನ್ನು ಗುರುತಿಸಿ, 2001ರಲ್ಲಿ ‘ಪ್ರಮಾಣ’ ಪತ್ರಿಕೆಯಲ್ಲಿ ಬರೆದರು. ಜೀವಕೋಶದ ಬಿಸಿ, ಗದ್ದಲದ ನಡುವೆ ಇಷ್ಟು ನಾಜೂಕಾದ ಅಲೆಗಳು ಉಳಿದಾವೆಯೇ ಎಂದು ಅನೇಕರು ಅನುಮಾನಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ನನಗಂತೂ ಆ 4 ಮತ್ತು 20 ಬರೀ ಕಾಕತಾಳೀಯ ಎಂದು ತಳ್ಳಿಹಾಕಲು ಮನಸ್ಸಿಲ್ಲ.