ಕಹಳೆ ಬಂಡೆಯ ಊರಲ್ಲಿ ಗಿಟಾರು ಹಿಡಿದ ಶರೀಫಜ್ಜ!

ಬಸವನಗುಡಿಯಲ್ಲಿ ‘ರಾಕ್’ ಅಂದರೆ ಒಂದೇ ಅರ್ಥ ಸ್ವಾಮಿ, ಬ್ಯೂಗಲ್ ರಾಕ್! ನಮ್ಮ ಕಹಳೆ ಬಂಡೆ. ಸಂಜೆ ವಾಕಿಂಗು, ಕಡಲೆಕಾಯಿ ಪರಿಷೆ, ದೊಡ್ಡ ಬಸವಣ್ಣ... ಅಷ್ಟೆ. ಸಂಗೀತ ಬೇಕೋ? ಚಾಮರಾಜಪೇಟೆಯ ಕೋಟೆ ಹೈಸ್ಕೂಲಿಗೆ ನಡೆಯಿರಿ, 1939ರಿಂದ ಶುರುವಾದ ರಾಮನವಮಿ ಕಛೇರಿ ಇದೆ. ಮಲ್ಲೇಶ್ವರದ ಕಡೆಯವರಿಗೆ ಪಿಟೀಲಿನ ಆಕಾರದ ಚೌಡಯ್ಯ ಹಾಲ್. ಎಲೆಕ್ಟ್ರಿಕ್ ಗಿಟಾರು, ಉದ್ದ ಕೂದಲು ಇವೆಲ್ಲ ‘ದಂಡು’ ಪ್ರದೇಶದ ಹುಡುಗರ ಸಮಾಚಾರ. 1970ರ ದಶಕದಲ್ಲಿ ‘ಹ್ಯೂಮನ್ ಬಾಂಡೇಜ್’ ಅನ್ನೋ ಬೆಂಗಳೂರಿನದೇ ಬ್ಯಾಂಡು ಹೆಸರು ಮಾಡಿತ್ತು, ಆದರೆ ಹಾಡಿದ್ದು ಇಂಗ್ಲಿಷಿನಲ್ಲಿ. ಮೆಜೆಸ್ಟಿಕ್ಕಿನಿಂದ ಈಚೆಗೆ ಆ ಸದ್ದು ದಾಟಲೇ ಇಲ್ಲ.

ದಾಟಿಸಿದವರು ಯಾರು? ಮೈಸೂರಿನಿಂದ ಬಂದ ಅಣ್ಣ ತಮ್ಮ!

ಅಣ್ಣ ರಘು ದೀಕ್ಷಿತ್. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್. ಕಾಲೇಜಿನಲ್ಲಿ ಗೆಳೆಯನೊಬ್ಬ ‘ಡ್ಯಾನ್ಸು ಹೆಂಗಸರದು ಕಣೋ’ ಅಂತ ಛೇಡಿಸಿದ್ದೇ ತಡ, ಎರಡು ತಿಂಗಳಲ್ಲಿ ಗಿಟಾರು ಕಲಿಯುತ್ತೇನೆ ಅಂತ ಪಂಥ ಕಟ್ಟಿದ ಆಸಾಮಿ. ಕಲಿತೂ ಬಿಟ್ಟ! ನರ್ತಕನ ಕಾಲಿನ ಗೆಜ್ಜೆ ಮಾತ್ರ ಬಿಚ್ಚಲಿಲ್ಲ. ಇವತ್ತಿಗೂ ಲುಂಗಿ ಉಟ್ಟು ಗೆಜ್ಜೆ ಕಟ್ಟಿಯೇ ವೇದಿಕೆ ಹತ್ತೋದು.

90ರ ದಶಕದ ಕೊನೆಗೆ ಪಿಟೀಲು ವಾದಕ ಎಚ್. ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ಬ್ಯಾಂಡು. ಭಾಸ್ಕರ್ ಕರ್ನಾಟಕ ಸಂಗೀತದ ಪಕ್ಕವಾದ್ಯದಲ್ಲಿ ಹೆಸರಾದವರು. ರಾಮನವಮಿ ಪೆಂಡಾಲಿಗೂ ರಾಕ್ ಸಂಗೀತಕ್ಕೂ ನೆಂಟಸ್ತನ ಬೆಳೆದದ್ದು ಹೀಗೆ. ಕ್ಯಾಸೆಟ್ ಕಂಪನಿಗಳದು ಮಾತ್ರ ಒಂದೇ ರಾಗ: ‘ಒಂದೇ ಆಲ್ಬಮ್ಮಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಹಾಕಿದರೆ ಯಾರು ಕೊಳ್ತಾರ್ರೀ?’ ವರ್ಷಗಟ್ಟಲೆ ಬಾಗಿಲು ತಟ್ಟಿದ್ದಾಯಿತು. ‘ಅಂತರಾಗ್ನಿ’ ಹೋಗಿ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಬಂತು. ಕೊನೆಗೆ ಮುಂಬಯಿಯ ಸಂಗೀತ ಜೋಡಿ ವಿಶಾಲ್–ಶೇಖರ್ ಕಿವಿಗೆ ಬಿದ್ದು, 2008ರಲ್ಲಿ ಮೊದಲ ಆಲ್ಬಮ್ ಹೊರಬಿತ್ತು. ಮುಂಬಯಿಯಲ್ಲಿ ಪವಾಡಕ್ಕೆ ಕಾಯುತ್ತಾ ಕೂತವನ ಇಂಗ್ಲಿಷ್ ಹಾಡೊಂದು ಅದರಲ್ಲಿದೆ. ಯಾರ ಕಥೆ ಅಂತ ಬಿಡಿಸಿ ಹೇಳಬೇಕೆ?

ಅದೇ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಗುಡಗುಡಿ ಪದ. 1819ರಲ್ಲಿ ಹುಟ್ಟಿದ ಅಜ್ಜನಿಗೆ ಡ್ರಮ್ಮು, ಬಾಸ್ ಗಿಟಾರು! ನಮ್ಮ ಹಿರಿಯರಿಗೆ ಕಸಿವಿಸಿ. ‘ಅಶ್ವತ್ಥ್ ಹಾಡಿದ್ದ ಶರೀಫರೇ ಬೇರೆ ಕಣಯ್ಯ’ ಅಂದವರುಂಟು. ಇರಬಹುದು. ‘ಸಂತ ಶಿಶುನಾಳ ಶರೀಫ’ (1990) ನೋಡಿ ಕಣ್ಣೊರೆಸಿಕೊಂಡವರಲ್ಲಿ ಈ ಲೇಖಕನೂ ಒಬ್ಬ. ಆದರೆ ಅಶ್ವತ್ಥರ ದನಿಯೂ ನಮ್ಮ ಕಾಲದ ದನಿಯೇ ತಾನೆ? ಶರೀಫರು ಹಾರ್ಮೋನಿಯಂ ಕೇಳಿ ಪದ ಕಟ್ಟಿದ್ದರೇನು? ಗುಡಗುಡಿ ಹಾಡು ಸೇದುವ ಚಟದ್ದಲ್ಲ, ಒಳಗಿನ ಕಶ್ಮಲ ಸುಡುವುದು. ಗಿಟಾರು ಅದನ್ನು ಸುಡಲೇಬಾರದು ಅಂತ ಶಾಸ್ತ್ರವೇನೂ ಇಲ್ಲ. ತಕರಾರು ಇದ್ದರೆ ಬೇರೆ ಇದೆ: ಕುಣಿಯೋ ಹುಡುಗರಲ್ಲಿ ಎಷ್ಟು ಜನಕ್ಕೆ ಅರ್ಥ ತಲುಪುತ್ತೆ? ಅದು ಮಾತ್ರ ನನಗೂ ಅನುಮಾನ.

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ. ಇಂಗ್ಲೆಂಡಿನ ಕೆಸರುಗದ್ದೆಯಲ್ಲಿ ನಿಂತ ಬಿಳಿಯರ ಕಿವಿಗೂ ಕನ್ನಡ!

ಇನ್ನು ತಮ್ಮ ವಾಸು ದೀಕ್ಷಿತ್. ಅಣ್ಣನ ನೆರಳಲ್ಲಿ ನಿಲ್ಲದೆ ‘ಸ್ವರಾತ್ಮ’ದ ಹಾಡುಗಾರನಾದ. ಜಿಷ್ಣು ದಾಸ್‌ಗುಪ್ತ ಬಾಸ್, ಸಂಜೀವ್ ನಾಯಕ್ ಪಿಟೀಲು, ಮೊಂಟ್ರಿ ಮ್ಯಾನುಯೆಲ್ ಡ್ರಮ್ಸ್, ಪವನ್ ಕುಮಾರ್ ತಾಳವಾದ್ಯ... ಹೆಸರು ಕೇಳಿದರೇ ಗೊತ್ತಾಗುತ್ತೆ, ಇದು ಅಪ್ಪಟ ಬೆಂಗಳೂರು! ವಾಸು ಕೀಲು ಕುದುರೆ ಕಟ್ಟಿಕೊಂಡು ವೇದಿಕೆಗೆ ಬಂದರೆ ಜಾತ್ರೆಯೇ ಜಾತ್ರೆ. 2009ರ ಮೊದಲ ಆಲ್ಬಮ್ಮಿನಲ್ಲಿ ಒಂದು ಹಾಡಿದೆ, ಕಾವೇರಿ ನದಿಯೇ ಬಾಯಾರಿ ಮಾತಾಡುವ ಹಾಡು. ನೀರಿನ ಜಗಳಕ್ಕೆ ಬಸ್ಸು ಸುಡುವ ಊರಿನಲ್ಲಿ ನಿಂತು ಹೊಳೆಯ ಪರವಾಗಿ ಹಾಡುವುದು ಸಣ್ಣ ಗುಂಡಿಗೆಯ ಕೆಲಸವೇನಲ್ಲ. ಆ ವಿಷಯದಲ್ಲಿ ನನ್ನ ಓಟು ತಮ್ಮನಿಗೇ.

ಸರಿ, ನಮ್ಮ ಗಾಂಧಿನಗರ ಏನು ಮಾಡಿತು? 2008ರಲ್ಲೇ ‘ಸೈಕೋ’ ಚಿತ್ರಕ್ಕೆ ರಘುವನ್ನು ಕರೆಯಿತು. ಚಿತ್ರದ ಕಥೆ ನಿಮಗೆ ನೆನಪಿದೆಯೋ ಇಲ್ಲವೋ, ಮಾದೇಶ್ವರನ ಹಾಡು ಮರೆತಿರಲಾರಿರಿ. ಬಸ್ಸು, ಆಟೋ, ಗಣೇಶನ ಪೆಂಡಾಲು, ಎಲ್ಲೆಲ್ಲೂ ಅದೇ. ಆಮೇಲೆ 2010ರಲ್ಲಿ ಸುದೀಪ್ ನಿರ್ದೇಶನದ ‘ಜಸ್ಟ್ ಮಾತ್ ಮಾತಲ್ಲಿ’. 2020ರಲ್ಲಿ ಡಾರ್ಲಿಂಗ್ ಕೃಷ್ಣ ‘ಲವ್ ಮಾಕ್ಟೇಲ್’ ಮಾಡಿದಾಗಲೂ ಸಂಗೀತ ಇವರದ್ದೇ.

ಮೊನ್ನೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದೆ. ಪಕ್ಕದ ಆಟೋದಲ್ಲಿ ಮಾದೇಶ್ವರನ ಹಾಡು ಹೊರಟಿತ್ತು. ‘ಇದು ರಾಕ್ ಸಂಗೀತ ಕಣಮ್ಮ’ ಅಂದೆ. ಹೂವಿನಾಕೆ ಮೊಳ ಹಾಕೋದು ನಿಲ್ಲಿಸದೆ, ‘ಅದ್ಯಾವ್ದೋ ಗೊತ್ತಿಲ್ಲ, ಇದು ನಮ್ ಮಾದಪ್ಪುಂದು’ ಅಂದಳು.